ನೋಂದಣಿಯಾಗದ ಕ್ರಯದ ಕರಾರು, ತಡೆಯಾಜ್ಞೆ ಮತ್ತು ನಿಂತ ಪೈರು

ಹೋದ ವರ್ಷ ನವೆಂಬರ್ ಮೊದಲ ವಾರ ರಾಗಿ ಪ್ರಾತ್ಯಕ್ಷಿಕೆಯ ತಾಕುಗಳನ್ನು ನೋಡಲೆಂದು ಕೆಂಗೇರಿಯಿಂದ ದೊಡ್ಡ ಆಲದ ಮರದ ಕಡೆಗೆ ಹೋಗಿದ್ದೆವು. ರಸ್ತೆಯ ಎರಡೂ ಬದಿಗೆ ಬಡಾವಣೆಯ ಕಲ್ಲುಗಳು, ನಡುನಡುವೆ ಉಳಿದಿರುವ ಹೊಲಗಳು. ಅಂಥ ಒಂದು ಹೊಲ, 1 ಎಕರೆ 10 ಗುಂಟೆ. ಜಿ.ಪಿ.ಯು.-28 ತಳಿ. ಜುಲೈ ಮಧ್ಯದಲ್ಲಿ ಕೂರಿಗೆಯಿಂದ ಬಿತ್ತಿದ್ದು. ಬೆಂಕಿ ರೋಗದ ಸುಳಿವಿಲ್ಲ, ತೆನೆ ತುಂಬಿ ಕಂದು ಬಣ್ಣಕ್ಕೆ ತಿರುಗಿತ್ತು. ಹೊಲದ ಯಜಮಾನರು ಎಪ್ಪತ್ತು ದಾಟಿದವರು. ಬದುವಿನ ಮೇಲೆ ನಿಂತು ಕೇಳಿದರು, "ಸ್ವಾಮಿ, ಇದನ್ನ ಕುಯ್ಯಬೋದಾ?"

ನಾನು ಒಂದು ತೆನೆ ಕಿತ್ತು ಕಾಳನ್ನು ಉಗುರಿನಿಂದ ಒತ್ತಿ ನೋಡಿ, "ಇನ್ನು ನಾಲ್ಕೈದು ದಿನ ಬಿಟ್ಟು ಕುಯ್ಯಿರಿ ಯಜಮಾನರೇ" ಎಂದೆ. ಅವರು ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. "ಕಾಳಿನ ಮಾತಲ್ಲ ಸ್ವಾಮಿ. ಇದು ಬಂದದೆ."

ಅದು ನ್ಯಾಯಾಲಯದ ತಾತ್ಕಾಲಿಕ ತಡೆಯಾಜ್ಞೆ. ವಾದಿಯ ಸ್ವಾಧೀನಕ್ಕೆ ಪ್ರತಿವಾದಿಯು ಯಾವುದೇ ರೀತಿಯಲ್ಲಿ ಅಡ್ಡಿಪಡಿಸಕೂಡದು ಎಂದು ಅದರಲ್ಲಿತ್ತು. ಪ್ರತಿವಾದಿ ಎಂದರೆ ಈ ಯಜಮಾನರೇ. ಬಿತ್ತಿದವರು ಅವರು, ಕಳೆ ತೆಗೆದವರು ಅವರು. ಸ್ವಾಧೀನ ಮಾತ್ರ ಇನ್ನೊಬ್ಬರದೆಂದು ಕಾಗದ ಹೇಳುತ್ತಿತ್ತು.

ರೈತ ಬಾಂಧವರೇ, ಬೇಸಾಯಶಾಸ್ತ್ರದವನು ಕೋರ್ಟು ಕಚೇರಿಯ ವಿಷಯ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಬೆಂಗಳೂರಿನ ಸುತ್ತಿನ ಹೋಬಳಿಗಳಲ್ಲಿ ಮಣ್ಣಿನ ಮಾದರಿ ತೆಗೆಯಲು ಹೋದಾಗಲೆಲ್ಲ "ಇದರ ಮೇಲೆ ಸ್ಟೇ ಇದೆ" ಎಂಬ ಮಾತು ಕಿವಿಗೆ ಬೀಳುತ್ತದೆ. ಸ್ಟೇ ಇರುವ ಭೂಮಿಗೆ ಗೊಬ್ಬರ ಹಾಕುವವರಿಲ್ಲ, ಬದು ಹಾಕುವವರಿಲ್ಲ. ಒಳ್ಳೆಯ ಕೆಂಪು ಮಣ್ಣಿನಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದು ನಿಲ್ಲುತ್ತದೆ. ವಕೀಲ ಮಿತ್ರರೊಬ್ಬರಿಂದ ಕೇಳಿ ತಿಳಿದು, ಅವರಿಂದ ತಿದ್ದಿಸಿ, ಈ ಲೇಖನ ಬರೆದಿದ್ದೇನೆ.

ಯಜಮಾನರು ಮಾಡಿದ್ದೇನು?

2014ರಲ್ಲಿ ಮಗಳ ಮದುವೆಗೆ ಹಣ ಬೇಕಾಗಿತ್ತು. ಬಡಾವಣೆ ಮಾಡುವವರೊಬ್ಬರು ಬಂದು 4 ಲಕ್ಷ ರೂಪಾಯಿ ಮುಂಗಡ ಕೊಟ್ಟು, 200 ರೂಪಾಯಿಯ ಛಾಪಾ ಕಾಗದದ ಮೇಲೆ ಕ್ರಯದ ಕರಾರು ಬರೆಸಿಕೊಂಡರು. ಹನ್ನೊಂದು ತಿಂಗಳೊಳಗೆ ಬಾಕಿ ಹಣ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳತಕ್ಕದ್ದು ಎಂದಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಯಾರೂ ಹೋಗಲಿಲ್ಲ. ಕರಾರಿನ ಕೊನೆಯ ಹಾಳೆಯಲ್ಲಿ "ಈ ದಿನವೇ ಷೆಡ್ಯೂಲು ಸ್ವತ್ತಿನ ಸ್ವಾಧೀನವನ್ನು ಬಿಟ್ಟುಕೊಟ್ಟಿರುತ್ತೇನೆ" ಎಂಬ ಒಂದು ಸಾಲು ಸೇರಿತ್ತು. ಯಜಮಾನರಿಗೆ ಓದು ಬರುತ್ತದೆ, ಆದರೆ ಅಂದು ಅವರು ಓದಿದ್ದು ಹಣದ ಸಾಲನ್ನು ಮಾತ್ರ. ಬಾಕಿ ಹಣ ಬರಲೇ ಇಲ್ಲ. ಇವರು ಎಂದಿನಂತೆ ಉತ್ತು ಬಿತ್ತುತ್ತಿದ್ದರು. ಹತ್ತು ವರ್ಷ ಕಳೆದ ಮೇಲೆ, ಭೂಮಿಯ ಬೆಲೆ ಎಲ್ಲಿಯೋ ಹೋದ ಮೇಲೆ, ಆ ಕರಾರು ಪೆಟ್ಟಿಗೆಯಿಂದ ಹೊರಗೆ ಬಂದು ನ್ಯಾಯಾಲಯದ ಮುಂದೆ ನಿಂತಿತು.

ಇದು ಒಬ್ಬರ ಕಥೆಯಲ್ಲ. ಪಶ್ಚಿಮ ಬೆಂಗಳೂರು ಬೆಳೆದದ್ದೇ ಹೀಗೆ ಹಳ್ಳಿಗಳ ಮೇಲೆ. 1949ರಲ್ಲಿ ರಾಜಾಜಿನಗರ ಆರಂಭವಾದಾಗ ಕೇತಮಾರನಹಳ್ಳಿಯಂಥ ಊರುಗಳು ಅದರೊಳಗೆ ಬಂದವು. ಬಳಿಕ ಬಸವೇಶ್ವರನಗರದೊಳಗೆ ಸಾಣೆಗುರುವನಹಳ್ಳಿ, ವಿಜಯನಗರದೊಳಗೆ ಹೊಸಹಳ್ಳಿ, ಅತ್ತಿಗುಪ್ಪೆ. 2007ರಲ್ಲಿ ಕೆಂಗೇರಿ ಪುರಸಭೆ ಮಹಾನಗರ ಪಾಲಿಕೆಗೆ ಸೇರಿತು. 2010ರಲ್ಲಿ ಕೆಂಪೇಗೌಡ ಬಡಾವಣೆಗಾಗಿ 12 ಹಳ್ಳಿಗಳ ಜಮೀನಿನ ಮೇಲೆ ಅಂತಿಮ ಅಧಿಸೂಚನೆ ಹೊರಟಿತು. ಈ ಎಲ್ಲ ಕಾಲದಲ್ಲಿಯೂ ಕ್ರಯಪತ್ರಕ್ಕೆ ಒಂದಲ್ಲ ಒಂದು ಅಡ್ಡಿ ಇರುತ್ತಿತ್ತು, ಕರಾರಿಗೆ ಮಾತ್ರ ಅಡ್ಡಿ ಇದ್ದಂತೆ ಜನರಿಗೆ ಕಾಣುತ್ತಿರಲಿಲ್ಲ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಭೂಮಿಯನ್ನು 15 ವರ್ಷ ಮಾರುವಂತಿರಲಿಲ್ಲ. ತುಂಡು ಹಿಡುವಳಿ ತಡೆಯುವ 1966ರ ಕಾಯಿದೆ ಇದ್ದಷ್ಟು ಕಾಲ ಸಣ್ಣ ತುಂಡುಗಳ ಮಾರಾಟಕ್ಕೆ ತಡೆಯಿತ್ತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1984ರ ನಿಯಮಗಳಂತೆ ಹಂಚಿಕೆಯಾದ ನಿವೇಶನವನ್ನು 10 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧ ತೆಗೆದದ್ದು 2020ರಲ್ಲಿ. ಹೀಗೆ ಬಾಗಿಲು ಮುಚ್ಚಿದಾಗಲೆಲ್ಲ ಜನರು ಕಿಟಕಿಯಿಂದ ಹೋದರು. ಒಂದು ಕರಾರು, ಒಂದು ಜನರಲ್ ಪವರ್ ಆಫ್ ಅಟಾರ್ನಿ, ಒಮ್ಮೊಮ್ಮೆ ಒಂದು ಉಯಿಲು. ಮುದ್ರಾಂಕ ಶುಲ್ಕ ಉಳಿಯಿತೆಂಬ ಸಮಾಧಾನ ಬೇರೆ.

2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಮೂರೂ ಕಾಗದಗಳಿಂದ ಒಡೆತನ ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ನಮ್ಮ ಯಜಮಾನರ ಕರಾರು ಆದದ್ದು ಅದಾದ ಮೂರು ವರ್ಷಕ್ಕೆ.

ಕರಾರಿನಿಂದ ಏನು ಬರುತ್ತದೆ, ಏನು ಬರುವುದಿಲ್ಲ?

ಕ್ರಯದ ಕರಾರು ಎಂದರೆ ಮುಂದೆ ಮಾರುತ್ತೇನೆ ಎಂಬ ಮಾತು. ಮಾರಿದ್ದೇನೆ ಎಂಬುದಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮ 1882ರ 54ನೆಯ ಕಲಮು ಇದನ್ನೇ ಹೇಳುತ್ತದೆ: ಕರಾರು ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟವಾಗಬೇಕಾದರೆ ನೋಂದಣಿಯಾದ ಪತ್ರವೇ ಬೇಕು.

ಆದರೆ ಕರಾರಿನ ಮೇಲೆ ಭೂಮಿಯನ್ನು ಬಿಟ್ಟುಕೊಟ್ಟು, ಹಣವನ್ನೂ ಪಡೆದು, ಆಮೇಲೆ ಮಾರಿದವನು ಬಂದು ಎಬ್ಬಿಸಿದರೆ ಕೊಂಡವನ ಗತಿಯೇನು? ಇದಕ್ಕಾಗಿಯೇ 1929ರಲ್ಲಿ ಅದೇ ಅಧಿನಿಯಮಕ್ಕೆ 53-ಎ ಕಲಮನ್ನು ಸೇರಿಸಿದರು. ಬರವಣಿಗೆಯ ಕರಾರು ಇದ್ದು, ಅದರ ಪ್ರಕಾರ ಸ್ವಾಧೀನ ಪಡೆದು, ತನ್ನ ಪಾಲಿನ ಕರಾರನ್ನು ನಡೆಸಿದ ಅಥವಾ ನಡೆಸಲು ಸಿದ್ಧನಿರುವ ಕೊಳ್ಳುಗನನ್ನು ಮಾರಿದವನು ಎಬ್ಬಿಸುವಂತಿಲ್ಲ. ಇದು ಗುರಾಣಿ, ಕತ್ತಿಯಲ್ಲ ಎಂದು ವಕೀಲರು ಹೇಳುತ್ತಾರೆ. ಮೈಮೇಲೆ ಬಂದ ಪೆಟ್ಟನ್ನು ತಡೆದುಕೊಳ್ಳಬಹುದು, ಇದನ್ನು ಹಿಡಿದು ಒಡೆತನ ಗೆಲ್ಲಲಾಗದು.

ಈ ಗುರಾಣಿಗೂ 2001ರ ಸೆಪ್ಟೆಂಬರ್ 24ರಿಂದ ಒಂದು ಷರತ್ತು ಬಂದಿದೆ. ಅಂದಿನಿಂದ ಈಚೆಗೆ ಆದ ಕರಾರು ನೋಂದಣಿಯಾಗಿರದಿದ್ದರೆ 53-ಎ ರಕ್ಷಣೆ ಸಿಗುವುದಿಲ್ಲ. ನೋಂದಣಿ ಅಧಿನಿಯಮದ 17ನೆಯ ಕಲಮಿಗೆ (1-ಎ) ಎಂಬ ಉಪಕಲಮು ಸೇರಿದ್ದು ಇದಕ್ಕಾಗಿ. ಆದುದರಿಂದ ಯಾರಾದರೂ ಕರಾರು ತಂದು ತೋರಿಸಿದರೆ ಮೊದಲು ನೋಡಬೇಕಾದದ್ದು ಅದರ ತಾರೀಖು. 1999ರ ಕರಾರಿಗೂ 2014ರ ಕರಾರಿಗೂ ಕಾನೂನಿನ ಕಣ್ಣಿನಲ್ಲಿ ಅಜಗಜಾಂತರ.

ಹಾಗಾದರೆ ನೋಂದಣಿಯಾಗದ ಕರಾರು ಬರಿಯ ಕಸವೇ? ಅಲ್ಲ. ಅದೇ ನೋಂದಣಿ ಅಧಿನಿಯಮದ 49ನೆಯ ಕಲಮು ಒಂದು ದಾರಿ ಬಿಟ್ಟಿದೆ. ಕರಾರಿನಂತೆ ಕ್ರಯಪತ್ರ ಬರೆದುಕೊಡಬೇಕೆಂದು ಹಾಕುವ ದಾವೆಯಲ್ಲಿ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು. 2025ರ ಮೇ ತಿಂಗಳಲ್ಲಿಯೂ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಆದರೆ ಆ ದಾವೆಗೆ ಗಡುವಿದೆ: ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಅಂದಿನಿಂದ 3 ವರ್ಷ, ಇಲ್ಲದಿದ್ದರೆ ಮಾರುವವನು ಆಗುವುದಿಲ್ಲವೆಂದದ್ದು ತಿಳಿದ ದಿನದಿಂದ 3 ವರ್ಷ. ನಮ್ಮ ಯಜಮಾನರ ಎದುರುಗಾರರಿಗೆ ಹನ್ನೊಂದು ತಿಂಗಳು 2015ರಲ್ಲಿ ತೀರಿತ್ತು. ಗಡುವು 2018ರಲ್ಲಿ ಮುಗಿದಿತ್ತು. ಆದ್ದರಿಂದಲೇ ಅವರು ಕ್ರಯಪತ್ರ ಕೇಳದೆ ಬರಿಯ ತಡೆಯಾಜ್ಞೆಯ ದಾವೆ ಹಾಕಿದ್ದರು. ಮುಂಬಾಗಿಲು ಮುಚ್ಚಿದ್ದರಿಂದ ಹಿತ್ತಲ ಬಾಗಿಲು.

ಹಿತ್ತಲ ಬಾಗಿಲಿನ ಬಗ್ಗೆಯೂ ತೀರ್ಪು ಬಂದಿದೆ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ 10 ರೂಪಾಯಿ ಕಾಗದದ ಮೇಲೆ 1996ರಲ್ಲಿ ಆದ, ನೋಂದಣಿಯಾಗದ ಕರಾರನ್ನು ಹಿಡಿದು ಕೇವಲ ಶಾಶ್ವತ ತಡೆಯಾಜ್ಞೆ ಕೇಳಲಾಗಿತ್ತು. ನೇರವಾಗಿ ಸಿಗದ ಪರಿಹಾರವನ್ನು ತಡೆಯಾಜ್ಞೆಯ ಹೆಸರಿನಲ್ಲಿ ಬಳಸುದಾರಿಯಿಂದ ಪಡೆಯಲಾಗದು ಎಂದು ಕೋರ್ಟು ದಾವೆಯನ್ನು ಒಪ್ಪಲಿಲ್ಲ.

ಛಾಪಾ ಕಾಗದದ ಕೊರತೆಯನ್ನು ಹಲವರು ಹಗುರವಾಗಿ ಕಾಣುತ್ತಾರೆ. ನಮ್ಮ ರಾಜ್ಯದ 1957ರ ಸ್ಟಾಂಪು ಕಾಯಿದೆಯಂತೆ, ಸ್ವಾಧೀನ ಬಿಟ್ಟುಕೊಟ್ಟೆ ಎಂದು ಬರೆದ ಕರಾರಿಗೆ ಕ್ರಯಪತ್ರಕ್ಕೆ ತಗಲುವಷ್ಟೇ ಶುಲ್ಕ ತಗಲುತ್ತದೆ. ಕಡಿಮೆ ಶುಲ್ಕದ ಕಾಗದವನ್ನು ನ್ಯಾಯಾಲಯ ಸಾಕ್ಷ್ಯಕ್ಕೆ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಳ್ಳಬೇಕಾದರೆ ಕೊರತೆ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕು. 1999ರ ಕರಾರೊಂದನ್ನು ಆಧರಿಸಿ ಹಾಕಿದ್ದ ನಮ್ಮ ರಾಜ್ಯದ್ದೇ ತಡೆಯಾಜ್ಞೆ ದಾವೆ ಈ ಶುಲ್ಕ-ದಂಡದ ಪ್ರಶ್ನೆಯಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರಲ್ಲಿ ಆ ಕೋರ್ಟು ಕಾಗದವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳುಹಿಸಿ ಶುಲ್ಕವನ್ನೂ ದಂಡವನ್ನೂ ಅಲ್ಲಿ ನಿರ್ಧರಿಸಿಕೊಳ್ಳಲು ಹೇಳಿತು. ಕರಾರಾಗಿ ಕಾಲು ಶತಮಾನ ಕಳೆದಿತ್ತು, ಕಾಗದ ಇನ್ನೂ ಶುಲ್ಕದ ಲೆಕ್ಕದಲ್ಲಿಯೇ ಇತ್ತು! ಪ್ರತಿವಾದಿಯಾದ ರೈತರು ಒಂದು ಮಾತು ನೆನಪಿಡಬೇಕು: ಕಾಗದವನ್ನು ಸಾಕ್ಷ್ಯವಾಗಿ ಗುರುತು ಮಾಡುವ ಮೊದಲೇ ಆಕ್ಷೇಪಣೆ ಹಾಕಬೇಕು. ಒಮ್ಮೆ ಗುರುತು ಮಾಡಿ ಒಳಗೆ ತೆಗೆದುಕೊಂಡರೆ ಶುಲ್ಕ ಕಡಿಮೆಯೆಂದು ಆಮೇಲೆ ತಕರಾರು ಮಾಡಲಾಗುವುದಿಲ್ಲ.

ಮತ್ತೊಂದು ಎಚ್ಚರಿಕೆ. ಎಲ್ಲ ಭೂಮಿಗೂ ಒಂದೇ ಅಳತೆಯಲ್ಲ. ತುಂಡು ಹಿಡುವಳಿ ಕಾಯಿದೆ ಜಾರಿಯಲ್ಲಿದ್ದಾಗ, 1990ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕರಾರಾಗಿತ್ತು. ಕಾಯಿದೆ 1991ರ ಫೆಬ್ರವರಿ 5ರಂದು ರದ್ದಾಯಿತು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕರಾರು ಎಂಬುದು ವರ್ಗಾವಣೆಯಲ್ಲ, ಆದ್ದರಿಂದ ಆ ಕಾಯಿದೆಯ ತಡೆ ಕರಾರಿಗೆ ತಗಲುವುದಿಲ್ಲವೆಂದು ಕೊಂಡವರ ಪರವಾಗಿ ತೀರ್ಮಾನಿಸಿತು. ಆದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯ ಬೇರೆ. 1978ರ ಪರಭಾರೆ ನಿಷೇಧ ಕಾಯಿದೆ, ಅಂದರೆ ಜನರ ಬಾಯಲ್ಲಿ ಪಿ.ಟಿ.ಸಿ.ಎಲ್., ವರ್ಗಾವಣೆ ಎಂಬ ಮಾತಿನೊಳಗೆ ಕ್ರಯದ ಕರಾರನ್ನೂ ಸೇರಿಸಿದೆ. ಅಂಥ ಜಮೀನಿಗೆ ಕರಾರು ಬರೆಯುವುದೂ ತಪ್ಪೇ, ಬರೆಸಿಕೊಳ್ಳುವುದೂ ತಪ್ಪೇ.

ತಡೆಯಾಜ್ಞೆ ಎಂದರೇನು?

ತಡೆಯಾಜ್ಞೆ ಬಂದಿತೆಂದರೆ ಕೇಸು ಸೋತಂತೆ ಎಂದು ಹಳ್ಳಿಯಲ್ಲಿ ತಿಳಿಯುತ್ತಾರೆ. ಇದು ಸರಿಯಲ್ಲ. ತಾತ್ಕಾಲಿಕ ತಡೆಯಾಜ್ಞೆ, ದಾವೆ ತೀರುವವರೆಗೆ ಸ್ವತ್ತು ಕೆಡದಂತೆ, ಕೈಬದಲಾಗದಂತೆ ಕಾಯ್ದಿಡುವ ಏರ್ಪಾಡು. ಅದರಿಂದ ಒಬ್ಬನಿಗೆ ಹಕ್ಕು ಬರುವುದಿಲ್ಲ, ಇನ್ನೊಬ್ಬನ ಹಕ್ಕು ಹೋಗುವುದಿಲ್ಲ. ಕೊಡುವ ಮೊದಲು ನ್ಯಾಯಾಧೀಶರು ಮೂರು ವಿಷಯ ನೋಡುತ್ತಾರೆ. ಮೇಲುನೋಟಕ್ಕೆ ಅರ್ಜಿದಾರನ ಕೈಯಲ್ಲಿ ಒಂದು ಪ್ರಕರಣವಿದೆಯೇ, ಆಜ್ಞೆ ಕೊಟ್ಟರೆ ಮತ್ತು ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ಮುಂದೆ ಹಣದಿಂದ ತುಂಬಲಾಗದಂಥದೇ.

ತುರ್ತು ಎಂದು ತೋರಿದರೆ ಎದುರುಗಾರನನ್ನು ಕೇಳದೆಯೇ ಆಜ್ಞೆ ಕೊಡಬಹುದು. ಅದಕ್ಕೆ ಕಾರಣ ಬರೆಯಬೇಕು. ಪಡೆದವನು ಅರ್ಜಿ, ದಾವೆಪತ್ರ, ದಾಖಲೆಗಳ ಪ್ರತಿಗಳನ್ನು ಕೂಡಲೇ ಎದುರುಗಾರನಿಗೆ ಕಳುಹಿಸಬೇಕು. ನ್ಯಾಯಾಲಯ ಅಂಥ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ದಾಖಲಿಸಬೇಕು. ಇದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆರ್ಡರಿನ ಮಾತು. ನಡೆಯುವುದು ಬೇರೆ. ಪ್ರತಿವಾದಿ ಎರಡು ತಾರೀಖು ತಪ್ಪಿಸಿದರೆ, ವಕೀಲರು ಒಂದು ತಾರೀಖು ಕೇಳಿದರೆ, 30 ದಿನ ಮೂರು ವರ್ಷವಾಗುತ್ತದೆ. ಆದುದರಿಂದ ಕಾಗದ ಬಂದ ಕೂಡಲೇ ಹೋಗಬೇಕು. ಆಜ್ಞೆಯನ್ನು ತೆರವು ಮಾಡಿ ಅಥವಾ ಮಾರ್ಪಡಿಸಿ ಎಂದು ಅದೇ ಆರ್ಡರಿನ 4ನೆಯ ನಿಯಮದಂತೆ ಅರ್ಜಿ ಹಾಕಬಹುದು. ದಾವೆ ಬರಬಹುದೆಂಬ ಸೂಚನೆ ಮೊದಲೇ ಸಿಕ್ಕಿದರೆ ಕೇವಿಯಟ್ ಹಾಕುವುದು ಮೇಲು. 90 ದಿನಗಳವರೆಗೆ ನಿಮ್ಮನ್ನು ಕೇಳದೆ ಆಜ್ಞೆ ಕೊಡದಂತೆ ಅದು ಕಾಯುತ್ತದೆ.

ಆಜ್ಞೆಯ ಮಾತುಗಳನ್ನು ಒಂದೊಂದಾಗಿ ಓದಬೇಕು. ಪರಭಾರೆ ಮಾಡಕೂಡದು ಎಂದಿದ್ದರೆ ಮಾರುವಂತಿಲ್ಲ, ಅಡವಿಡುವಂತಿಲ್ಲ, ಬೇಸಾಯಕ್ಕೆ ಅಡ್ಡಿಯಿಲ್ಲ. ಯಥಾಸ್ಥಿತಿ ಎಂದಿದ್ದರೆ ಅಂದು ಹೊಲ ಹೇಗಿತ್ತು ಎಂಬುದೇ ಜಗಳದ ವಿಷಯವಾಗುತ್ತದೆ. ವಾದಿಯ ಸ್ವಾಧೀನಕ್ಕೆ ಅಡ್ಡಿ ಮಾಡಕೂಡದು ಎಂದಿದ್ದರೆ, ನಮ್ಮ ಯಜಮಾನರಂತೆ ಸ್ವಾಧೀನ ನಿಜವಾಗಿ ನಿಮ್ಮದೇ ಇದ್ದರೂ, ನೀವೇ ಅರ್ಥ ಮಾಡಿಕೊಂಡು ಕುಡುಗೋಲು ಹಿಡಿಯಬೇಡಿ. ಆಜ್ಞೆ ಮೀರಿದ್ದು ಸಾಬೀತಾದರೆ ಸ್ವತ್ತಿನ ಜಪ್ತಿ, 3 ತಿಂಗಳವರೆಗೆ ಸಿವಿಲ್ ಬಂಧನದ ಶಿಕ್ಷೆ ಆಗಬಹುದು.

ಪೈರಿನ ಸಾಕ್ಷ್ಯ

ನನ್ನ ವಿಷಯ ಇಲ್ಲಿಂದ ಆರಂಭವಾಗುತ್ತದೆ. ಸ್ವಾಧೀನ ಯಾರದೆಂದು ಹೇಗೆ ಗೊತ್ತುಮಾಡುವುದು? 2003ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ್ದೇ ಒಂದು ಅಕ್ಕಪಕ್ಕದ ಜಮೀನಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೆಲೆಗೊಂಡ ಸ್ವಾಧೀನದಲ್ಲಿರುವವನನ್ನು ಒಡೆಯನೂ ಬಲವಂತದಿಂದ ಎಬ್ಬಿಸುವಂತಿಲ್ಲ, ಕಾನೂನಿನ ಮೂಲಕವೇ ಬರಬೇಕು ಎಂದು ಹೇಳಿತು. ನೆಲೆಗೊಂಡ ಸ್ವಾಧೀನಕ್ಕೆ ಕೋರ್ಟು ನೆನಪಿಸಿದ ಹಳೆಯ ಒರೆಗಲ್ಲುಗಳು ನಾಲ್ಕು. ಸಾಕಷ್ಟು ಕಾಲ ನಿಜವಾಗಿ ಅನುಭವದಲ್ಲಿರಬೇಕು. ಒಡೆಯನಿಗೆ ತಿಳಿದಿರಬೇಕು, ಕದ್ದುಮುಚ್ಚಿ ಇರಬಾರದು. ಒಡೆಯನು ಸ್ವಾಧೀನ ಕಳೆದುಕೊಂಡದ್ದು ಪೂರ್ತಿಯಾಗಿ, ಅವನೂ ಸುಮ್ಮನಾಗಿರಬೇಕು. ನಾಲ್ಕನೆಯದು ಸಾಗುವಳಿ ಭೂಮಿಗೆಂದೇ ಹೇಳಿದ್ದು: ಅಲ್ಲಿ ಅವನು ಬೆಳೆ ಬೆಳೆದಿದ್ದಾನೆಯೇ? ಬೆಳೆದಿದ್ದರೆ ನಿಜವಾದ ಒಡೆಯನೂ ಆ ಬೆಳೆಯನ್ನು ನಾಶಮಾಡಿ ಒಳನುಗ್ಗುವಂತಿಲ್ಲ.

ಎಂದರೆ ನ್ಯಾಯಾಲಯದ ದೃಷ್ಟಿಯಲ್ಲಿ ಪೈರೂ ಒಂದು ಸಾಕ್ಷಿ. ಈ ಸಾಕ್ಷಿಯನ್ನು ನಮ್ಮ ರೈತರು ಬಹಳ ಅಸಡ್ಡೆಯಿಂದ ಕಾಣುತ್ತಾರೆ ಎಂಬುದು ನನ್ನ ದೂರು. ಪಹಣಿಯ 9ನೆಯ ಕಾಲಂ ನೋಡುತ್ತಾರೆ, ಅಲ್ಲಿ ಹೆಸರಿದ್ದರೆ ಸಾಕೆನ್ನುತ್ತಾರೆ. 12ನೆಯ ಕಾಲಂನಲ್ಲಿ ಸಾಗುವಳಿದಾರನ ಹೆಸರು, ಬೆಳೆಯ ಹೆಸರು ಇರುತ್ತದೆ. ಅದು ಖಾಲಿ ಇದ್ದರೂ ಕೇಳುವುದಿಲ್ಲ. ಭೂ ಕಂದಾಯ ಅಧಿನಿಯಮ 1964ರ 133ನೆಯ ಕಲಮಿನಂತೆ ಈ ದಾಖಲೆಯಲ್ಲಿ ಬರೆದದ್ದು ನಿಜವೆಂದು, ತಪ್ಪೆಂದು ತೋರಿಸುವವರೆಗೆ, ಭಾವಿಸಬೇಕು. ಈಗ ಹಂಗಾಮಿಗೊಮ್ಮೆ ಬೆಳೆ ಸಮೀಕ್ಷೆ ನಡೆಯುತ್ತದೆ. 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ತಮ್ಮ ಹೊಲದ ಚಿತ್ರ ತೆಗೆದು ಸೇರಿಸಬಹುದಾಗಿದೆ. "ಪರಿಹಾರ ಬಂದರೆ ಬರಲಿ" ಎಂದು ಮಾಡುವ ಈ ಕೆಲಸ, ಮುಂದೊಂದು ದಿನ ಹೊಲ ಯಾರ ಕೈಯಲ್ಲಿತ್ತೆಂದು ಹೇಳುವ ದಾಖಲೆಯಾಗುತ್ತದೆ. ರೈತ ಸಂಪರ್ಕ ಕೇಂದ್ರದ ಬಿತ್ತನೆ ಬೀಜದ ರಸೀತಿ, ಸೊಸೈಟಿಯ ಗೊಬ್ಬರದ ಬಿಲ್ಲು, ರಾಗಿ ಖರೀದಿ ಕೇಂದ್ರದ ಚೀಟಿ, ಮಣ್ಣು ಪರೀಕ್ಷೆಯ ವರದಿ, ಇವೆಲ್ಲವೂ ಹಾಗೆಯೇ. ಮಣ್ಣು ಪರೀಕ್ಷೆಯ ಚೀಟಿಯ ಮೇಲೆ ಸರ್ವೆ ನಂಬರನ್ನು ತಪ್ಪದೆ ಬರೆಸಿರಿ.

ಹೊಲವೂ ಮಾತನಾಡುತ್ತದೆ. ಜಿ.ಪಿ.ಯು.-28 ರಾಗಿ ಬಿತ್ತಿದ ಸುಮಾರು 70 ದಿನಕ್ಕೆ ತೆನೆ ಹೊರಹಾಕಿ 110ರಿಂದ 115 ದಿನಕ್ಕೆ ಮಾಗುತ್ತದೆ. ಆದುದರಿಂದ ತೆನೆಯ ಸ್ಥಿತಿ ನೋಡಿ ಹಿಂದಕ್ಕೆ ಎಣಿಸಿದರೆ ಬಿತ್ತನೆಯ ವಾರವನ್ನು ಹೇಳಬಹುದು. ದಾವೆ ಅಕ್ಟೋಬರಿನಲ್ಲಿ ಹಾಕಿದ್ದು, ಪೈರು ಜುಲೈಯದು ಎಂದರೆ, ದಾವೆಯ ದಿನ ಹೊಲದಲ್ಲಿ ಮೂರು ತಿಂಗಳ ಬೆಳೆ ನಿಂತಿತ್ತು ಎಂದಾಯಿತು. ತೆಂಗು ಇನ್ನೂ ಹೆಚ್ಚು ಹೇಳುತ್ತದೆ. ಬೆಳೆದ ಮರ ವರ್ಷಕ್ಕೆ ಸುಮಾರು 12 ಗರಿ ಬಿಡುತ್ತದೆ, ಉದುರಿದ ಪ್ರತಿ ಗರಿಯೂ ಕಾಂಡದ ಮೇಲೆ ಬಳೆಯಂತೆ ಗುರುತು ಉಳಿಸುತ್ತದೆ. ಗುರುತು ಎಣಿಸಿದರೆ ಮರದ ವಯಸ್ಸಿನ ಅಂದಾಜು ಸಿಗುತ್ತದೆ. ನ್ಯಾಯಾಲಯ ಕಮಿಷನರನ್ನು ನೇಮಿಸಿದರೆ ಅವರು ಹೊಲದಲ್ಲಿ ಏನಿದೆ ಎಂದು ಬರೆದುಕೊಳ್ಳುತ್ತಾರೆ. ಸ್ವಾಧೀನ ಯಾರದೆಂದು ತೀರ್ಮಾನಿಸುವುದು ಮಾತ್ರ ನ್ಯಾಯಾಧೀಶರ ಕೆಲಸ.

ಕರಾರಿನ ಮೇಲೆ ಪಕ್ಕದವರ ಭೂಮಿ ಹಿಡಿದು ಸಾಗುವಳಿ ಮಾಡುತ್ತಿರುವ ರೈತರೂ ನಮ್ಮ ಓದುಗರಲ್ಲಿದ್ದಾರೆ. ಅವರು ಬರಿಯ ತಡೆಯಾಜ್ಞೆಯನ್ನು ನಂಬಿ ಕೂರಬಾರದು. ಗಡುವಿನೊಳಗೆ ಕ್ರಯಪತ್ರಕ್ಕಾಗಿ ದಾವೆ ಹಾಕಿ, ಆ ದಾವೆಯಲ್ಲಿಯೇ ತಡೆಯಾಜ್ಞೆ ಕೇಳಬೇಕು. ಬಾಕಿ ಹಣ ಕೊಡಲು ತಾವು ಆರಂಭದಿಂದ ಸಿದ್ಧರಿದ್ದೆವೆಂದು ತೋರಿಸಬೇಕು, ಬ್ಯಾಂಕಿನ ಪಾಸ್ ಪುಸ್ತಕವೇ ಇದಕ್ಕೆ ಒಳ್ಳೆಯ ಸಾಕ್ಷಿ. ನೋಂದಣಿಯಾಗದ ಕರಾರು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಮಾರಿದವರು ಮತ್ತೊಬ್ಬರಿಗೆ ಕ್ರಯ ಮಾಡಿಕೊಟ್ಟರೆ, ಆ ಮತ್ತೊಬ್ಬರು "ನನಗೆ ಗೊತ್ತಿರಲಿಲ್ಲ, ಹಣ ಕೊಟ್ಟು ಕೊಂಡೆ" ಎಂದು ಹೇಳಬಹುದು. ನೀವು ಹೊಲದಲ್ಲಿ ಕಣ್ಣಿಗೆ ಕಾಣುವಂತೆ ಇದ್ದಿರಿ ಎಂಬುದು ಆಗಲೂ ನಿಮ್ಮ ನೆರವಿಗೆ ಬರುತ್ತದೆ, ಆದರೆ ನೋಂದಣಿಯಷ್ಟು ಗಟ್ಟಿಯಾಗಿ ಬರುವುದಿಲ್ಲ. ಹೊಸದಾಗಿ ಕರಾರು ಮಾಡುವವರು ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿಕೊಳ್ಳಲಿ. ಮಾರುವವರು ಸ್ವಾಧೀನದ ಸಾಲನ್ನು ಎರಡು ಸಲ ಓದಲಿ. ಕೊಡದಿದ್ದರೆ ಕೊಟ್ಟಿಲ್ಲವೆಂದೇ ಬರೆಸಲಿ. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲ.

ಕೊಯ್ಲು

ಯಜಮಾನರ ಕೈಯಲ್ಲಿ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಮುಂಗಡ ತೆಗೆದುಕೊಂಡದ್ದು ನಿಜ, ಹತ್ತು ವರ್ಷ ಅದರ ಮಾತನ್ನೇ ಎತ್ತದೆ ಇದ್ದದ್ದೂ ನಿಜ. ಹನ್ನೊಂದು ತಿಂಗಳು ಕಳೆದ ಕೂಡಲೇ ಒಂದು ನೋಟೀಸು ಕೊಟ್ಟು ಲೆಕ್ಕ ತೀರಿಸಿದ್ದರೆ ಇದಾವುದೂ ಬರುತ್ತಿರಲಿಲ್ಲ. ಆ ಹಣದ ವಿಷಯ ದಾವೆಯಲ್ಲಿ ತೀರ್ಮಾನವಾಗಬೇಕು. ಆದರೆ ರಾಗಿ ಕಾಯುವುದಿಲ್ಲ. ಮಾಗಿದ ತೆನೆಯ ಮೇಲೆ ಮಳೆ ಬಿದ್ದರೆ ಪೈರು ಒರಗುತ್ತದೆ, ತೆನೆಯಲ್ಲೇ ಕಾಳು ಮೊಳೆಯುತ್ತದೆ, ಹುಲ್ಲು ಕಪ್ಪಾಗುತ್ತದೆ.

ಅವರ ವಕೀಲರು ಎರಡು ಅರ್ಜಿ ಹಾಕಿದರು. ಒಂದು ಆಜ್ಞೆಯನ್ನು ತೆರವು ಮಾಡಲು. ಇನ್ನೊಂದು ಕೊಯ್ಲಿನ ಅನುಮತಿಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಅರ್ಥವಿವರಣೆಯಲ್ಲಿ ನಿಂತ ಬೆಳೆಯೂ ಚರಾಸ್ತಿಯೇ ಆಗಿದೆ. ಬೇಗ ಕೆಡುವ ಚರಾಸ್ತಿಯನ್ನು ದಾವೆ ನಡೆಯುತ್ತಿರುವಾಗಲೇ ಮಾರಲು ಆಜ್ಞೆ ಮಾಡುವ ಅಧಿಕಾರ 39ನೆಯ ಆರ್ಡರಿನ 6ನೆಯ ನಿಯಮದಲ್ಲಿಯೂ, ಕಾಯ್ದಿಡುವ ಅಧಿಕಾರ 7ನೆಯ ನಿಯಮದಲ್ಲಿಯೂ ಇದೆ. ಅರ್ಜಿಯೊಂದಿಗೆ ಹತ್ತು ವರ್ಷದ ಪಹಣಿ, ನಾಲ್ಕು ಹಂಗಾಮಿನ ಬೆಳೆ ಸಮೀಕ್ಷೆಯ ವಿವರ, ಬೀಜದ ರಸೀತಿಗಳನ್ನು ಕೊಟ್ಟರು. ಪೈರಿನ ವಯಸ್ಸಿನ ಬಗ್ಗೆ ನಾನೂ ಒಂದು ಪುಟ ಬರೆದುಕೊಟ್ಟೆ. ಎದುರಿನವರು ಆಕ್ಷೇಪಿಸಿದರು. ಹದಿನಾರನೆಯ ದಿನ ಅನುಮತಿ ಬಂತು. ಎರಡೂ ಕಡೆಯವರ ಮುಂದೆ ಕುಯ್ದು, ತೂಕ ಮಾಡಿ, ಲೆಕ್ಕ ಇಟ್ಟು, ಕಾಳನ್ನು ಪ್ರತಿವಾದಿಯ ಜವಾಬ್ದಾರಿಯಲ್ಲಿ ಇಡತಕ್ಕದ್ದು ಎಂದಿತ್ತು.

ಅಷ್ಟರಲ್ಲಿ ಮೂರು ದಿನ ಮಳೆ ಹಿಡಿದಿತ್ತು. ಹದಿನಾಲ್ಕು ಕ್ವಿಂಟಾಲ್ ಬರಬೇಕಾಗಿದ್ದ ಹೊಲದಲ್ಲಿ ಎಂಟು ಕ್ವಿಂಟಾಲ್ ಆಯಿತು. ಚೀಲಗಳಿಗೆ ಗುರುತು ಹಾಕಿ ಅವರ ನಡುಮನೆಯಲ್ಲಿ ಪೇರಿಸಿದ್ದಾರೆ. ತಡೆಯಾಜ್ಞೆ ತೆರವಿನ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಮಾಗಿ ಉಳುಮೆಗೆ ಅನುಮತಿ ಬೇಡಿ ಮತ್ತೊಂದು ಅರ್ಜಿ ಹಾಕಿದ್ದಾರೆ. ಸಿಕ್ಕಿದರೆ ಮುಂಗಾರಿನಲ್ಲಿ ರಾಗಿಯೊಂದಿಗೆ ಅವರೆಯ ಅಕ್ಕಡಿ ಸಾಲು ಹಾಕುವುದೆಂದು ಮಾತಾಗಿದೆ.